ಮಾತಾಡಿಸಲು ಯಾರೂ ಬರದ ಸಾವು

2022ರ ಮಾರ್ಚ್ ಎರಡನೇ ವಾರ. ದಾವಣಗೆರೆಯ ರಾಮ್ ಅಂಡ್ ಕೋ ಸರ್ಕಲ್ ಹತ್ತಿರದ ನನ್ನ ಮನೋವೈದ್ಯ ಕ್ಲಿನಿಕ್‌ಗೆ ಗಂಡ ಹೆಂಡತಿ ಬಂದರು. ಗಂಡನಿಗೆ ಐವತ್ತೆರಡು ವರ್ಷ, ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ. (ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಬರೆಯಿರಿ ಎಂದವರು ಅವರೇ.) ಮಾತು ಶುರು ಮಾಡಿದ್ದು ಹೆಂಡತಿ. "ವಾರದಿಂದ ಸರಿಯಾಗಿ ನಿದ್ದೆ ಇಲ್ಲ ಡಾಕ್ಟ್ರೇ. ಮಧ್ಯರಾತ್ರಿ ಎದ್ದು ಮೊಬೈಲ್ ಹಿಡ್ಕೊಂಡು ಕೂತಿರ್ತಾರೆ. ಅಂಗಡೀಲೂ ಮಾತಿಲ್ಲ."

ಮನೆಯಲ್ಲಿ ಏನಾದರೂ ಆಯ್ತಾ ಎಂದು ಕೇಳಿದೆ. ಆಕೆ ಗಂಡನ ಮುಖ ನೋಡಿದರು. ಆಮೇಲೆ ದನಿ ಇಳಿಸಿ ಹೇಳಿದರು. "ಅದ್ಯಾರೋ ಆಸ್ಟ್ರೇಲಿಯಾದವ್ರು ತೀರ್ಕೊಂಡ್ರಂತಲ್ಲ, ಅದಕ್ಕೆ."

ಗಂಡ ತಲೆ ತಗ್ಗಿಸಿಕೊಂಡೇ ಇದ್ದರು. ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ.

ಆಸ್ಟ್ರೇಲಿಯಾದ ಸ್ಪಿನ್ ಬೌಲರ್ ಶೇನ್ ವಾರ್ನ್ ತೀರಿಕೊಂಡಿದ್ದು ಮಾರ್ಚ್ 4ರ ಶುಕ್ರವಾರ. ಶಿವರಾತ್ರಿ ಕಳೆದು ಮೂರೇ ದಿನ ಆಗಿತ್ತು. ಮೊಹಾಲಿಯಲ್ಲಿ ವಿರಾಟ್ ಕೊಹ್ಲಿಯ ನೂರನೇ ಟೆಸ್ಟ್ ಅವತ್ತೇ ಶುರುವಾಗಿತ್ತು. ಸಂಜೆ ವಾಟ್ಸಾಪ್‌ನಲ್ಲಿ ಸುದ್ದಿ ಬಂದಾಗ ಇವರು "ಫೇಕ್ ನ್ಯೂಸ್ ಹಾಕ್ಬೇಡ್ರೋ" ಎಂದು ಗ್ರೂಪಿನಲ್ಲಿ ಬೈದಿದ್ದರಂತೆ. ಆಮೇಲೆ ಟಿವಿ ಹಾಕಿದರೆ ನಿಜ. ಅಲ್ಲೇ ಕೂತು ಅತ್ತುಬಿಟ್ಟರು. ಮಗ ನಕ್ಕ. ಹೆಂಡತಿ, "ನಿಮ್ಮ ದೊಡ್ಡಪ್ಪ ಹೋದಾಗ್ಲೂ ಇಷ್ಟು ಅಳ್ಲಿಲ್ಲ ನೀವು" ಎಂದರು. ಆ ಮಾತು ಚುಚ್ಚಿತ್ತು. ಅಲ್ಲಿಂದ ಮಾತು ಕಡಿಮೆಯಾಯಿತು, ನಿದ್ದೆ ಹೋಯಿತು.

ಇಂಥವರು ನನ್ನ ಹತ್ತಿರ ಆಗಾಗ ಬರುತ್ತಾರೆ. "ನಟ ಹೋದ, ಆಟಗಾರ ಹೋದ, ಅದಕ್ಕೆ ದುಃಖ" ಎಂದು ಹೇಳಿಕೊಂಡು ಮಾತ್ರ ಯಾರೂ ಬರುವುದಿಲ್ಲ. ತಲೆನೋವು, ಎದೆ ಹಿಡಿತ, ಊಟ ಸೇರಲ್ಲ ಎನ್ನುತ್ತಾ ಬರುತ್ತಾರೆ. ಮೂರನೇ ಭೇಟಿಯಲ್ಲಿ, ಚೀಟಿ ಮಡಚಿ ಜೇಬಿಗೆ ಹಾಕಿಕೊಳ್ಳುವಾಗ, "ಒಂದು ವಿಷ್ಯ, ನಗ್ಬೇಡಿ ಸರ್" ಎಂದು ಶುರು ಮಾಡುತ್ತಾರೆ.

ನಗುವಂಥದ್ದು ಇದರಲ್ಲಿ ಏನೂ ಇಲ್ಲ. ಪರದೆಯ ಮೇಲೆ ವರ್ಷಗಟ್ಟಲೆ ನೋಡಿದ ಮುಖವನ್ನು ಮನಸ್ಸು ಪರಿಚಯದವರ ಸಾಲಿಗೇ ಸೇರಿಸಿಕೊಳ್ಳುತ್ತದೆ. ಈ ಒಂದು ಕಡೆಯ ಸಂಬಂಧದ ಬಗ್ಗೆ ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು ಸಂಶೋಧಕರು 1956ರಷ್ಟು ಹಿಂದೆಯೇ ಬರೆದಿದ್ದಾರೆ, ಆಗ ಟಿವಿ ಇನ್ನೂ ಹೊಸದು. ಆ ಮನುಷ್ಯನಿಗೆ ನಾವು ಯಾರೆಂದು ಗೊತ್ತಿಲ್ಲ, ನಮಗೆ ಮಾತ್ರ ಅವನ ನಡಿಗೆ, ನಗು, ಬೇಸರ ಎಲ್ಲ ಗೊತ್ತು. ಪಕ್ಕದ ಬೀದಿಯ ದೊಡ್ಡಪ್ಪನನ್ನು ವರ್ಷಕ್ಕೆ ಎರಡು ಸಲ ನೋಡಿದರೆ ಹೆಚ್ಚು. ವಾರ್ನ್‌ನನ್ನು ನೋಡಿದ್ದು ಎಷ್ಟು ಸಾವಿರ ಗಂಟೆ? ಲೆಕ್ಕ ಹಾಕಿದರೆ ಹೆಂಡತಿಯ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ. ನಾನು ಆಕೆಗೆ ಅದನ್ನೇ ಹೇಳಿದೆ. ಆಕೆಗೆ ಅಷ್ಟೇನೂ ಹಿಡಿಸಲಿಲ್ಲ.

ಈ ದುಃಖಕ್ಕೆ ಒಂದು ವಿಚಿತ್ರ ತೊಂದರೆ ಇದೆ. ಮನೆಯವರು ಹೋದರೆ ಕುರ್ಚಿ ಖಾಲಿಯಾಗುತ್ತದೆ. ತಟ್ಟೆ ಒಂದು ಕಡಿಮೆಯಾಗುತ್ತದೆ, ಬಾಗಿಲ ಹತ್ತಿರದ ಚಪ್ಪಲಿ ಅಲ್ಲೇ ಉಳಿಯುತ್ತದೆ. ಆಟಗಾರ ಹೋದರೆ ಮನೆಯಲ್ಲಿ ಒಂದು ಲೋಟವೂ ಅಲುಗಾಡುವುದಿಲ್ಲ. ಅವನು ಮೊದಲೂ ಪರದೆಯಲ್ಲಿದ್ದ, ಈಗಲೂ ಅಲ್ಲೇ ಇದ್ದಾನೆ, ಯೂಟ್ಯೂಬ್ ತೆರೆದರೆ ಅದೇ ನಾಲ್ಕು ಹೆಜ್ಜೆ ನಡೆದು ಬಂದು ಬಾಲ್ ಹಾಕುತ್ತಾನೆ. ನಷ್ಟ ಆಗಿದೆ ಎಂದು ತೋರಿಸಲು ಕೈಯಲ್ಲಿ ಸಾಕ್ಷಿಯೇ ಇಲ್ಲ. ಅದಕ್ಕೇ ಮನೆಯವರು "ನಿಂಗೇನಾಯ್ತೀಗ?" ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಇವರೂ "ನಂಗೇನಾಗಿದೆ?" ಎಂದು ತಮ್ಮನ್ನೇ ಕೇಳಿಕೊಳ್ಳಲು ಶುರು ಮಾಡುತ್ತಾರೆ.

ನಮ್ಮ ಕಡೆ ಸಾವಾದ ಮನೆಗೆ ಹೋಗುವುದಕ್ಕೆ 'ಮಾತಾಡಿಸಿಕೊಂಡು ಬರೋದು' ಎನ್ನುತ್ತೇವೆ. ಅಲ್ಲಿ ಹೋಗಿ ದೊಡ್ಡ ಮಾತೇನೂ ಆಡುವುದಿಲ್ಲ. "ಹೆಂಗಾಯ್ತು? ಯಾವಾಗ? ಊಟ ಮಾಡಿದ್ರಾ ಅವತ್ತು?" ಇಷ್ಟೇ. ಬಂದವರಿಗೆಲ್ಲ ಮನೆಯವರು ಅದೇ ಕಥೆಯನ್ನು ಹೇಳುತ್ತಾರೆ, ಇಪ್ಪತ್ತು ಸಲ, ಮೂವತ್ತು ಸಲ. ಹೇಳಿ ಹೇಳಿ ಆ ಸಾವು ನಿಜವಾಗುತ್ತದೆ. ಮೂರನೇ ದಿನದ ಹಾಲು ತುಪ್ಪ, ಹನ್ನೊಂದನೇ ದಿನದ ಕಾರ್ಯ, ಶಿವಗಣಾರಾಧನೆ, ತಿಥಿ, ಒಂದೊಂದು ಮನೆತನಕ್ಕೆ ಒಂದೊಂದು ಪದ್ಧತಿ. ಇಂಥ ದಿನದವರೆಗೆ ಅಳು, ಆಮೇಲೆ ಅಂಗಡಿ ಬಾಗಿಲು ತೆಗಿ ಎಂದು ಯಾರೋ ಕ್ಯಾಲೆಂಡರ್ ಮಾಡಿಕೊಟ್ಟ ಹಾಗೆ. ನಮ್ಮ ಓದಿನ ಪುಸ್ತಕಗಳಿಗಿಂತ ಹಿರಿಯರು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು ಅನಿಸುತ್ತದೆ.

ಅಭಿಮಾನಿಯನ್ನು ಮಾತಾಡಿಸಲು ಯಾರೂ ಬರುವುದಿಲ್ಲ. ಸುತ್ತಲಿನವರು ಒಪ್ಪದ ಇಂಥ ದುಃಖಕ್ಕೆ ಕೆನೆತ್ ಡೋಕಾ ಎಂಬ ಅಮೆರಿಕದ ತಜ್ಞ 1989ರಲ್ಲಿ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ 'ಹಕ್ಕಿಲ್ಲದ ದುಃಖ' ಎನ್ನಬಹುದು. ಹಕ್ಕಿಲ್ಲದ ದುಃಖ ಕರಗುವುದು ನಿಧಾನ. ಕಾರಣ ಸಾವು ಚಿಕ್ಕದೋ ದೊಡ್ಡದೋ ಅನ್ನುವುದಲ್ಲ, ಹೇಳಿಕೊಳ್ಳಲು ಜನ ಇಲ್ಲದಿರುವುದು.

ಜನ ತಮ್ಮದೇ ಕಾರ್ಯ ಮಾಡಿಕೊಳ್ಳುವುದು ಇದಕ್ಕೇ. ಮೆಲ್ಬರ್ನ್ ಮೈದಾನದ ಹೊರಗಿನ ವಾರ್ನ್ ಪ್ರತಿಮೆಯ ಪಾದದ ಹತ್ತಿರ ಜನ ಹೂವಿನ ಜೊತೆ ಬಿಯರ್ ಕ್ಯಾನ್, ಸಿಗರೇಟು, ಮಾಂಸದ ಪೈ ಇಟ್ಟು ಹೋದರು. ಇಲ್ಲಿ ಕೆಲವರು ಆ ಫೋಟೋ ನೋಡಿ ಮೂಗು ಮುರಿದರು. ಯಾಕೆ? ನಾವು ಹಿರಿಯರ ಹಬ್ಬಕ್ಕೆ ಎಡೆ ಇಡುವುದಿಲ್ಲವಾ? ಅಜ್ಜನಿಗೆ ಇಷ್ಟ ಎಂದು ಬೀಡಿ ಕಟ್ಟು ಇಡುವ ಮನೆಗಳು ನಮ್ಮಲ್ಲೂ ಇವೆ. ಇದೂ ಎಡೆಯೇ. 2014ರಲ್ಲಿ ಆಸ್ಟ್ರೇಲಿಯಾದ ಬ್ಯಾಟರ್ ಫಿಲಿಪ್ ಹ್ಯೂಸ್ ಬೌನ್ಸರ್ ತಗುಲಿ ತೀರಿಕೊಂಡಾಗ ಪ್ರಪಂಚದ ಉದ್ದಗಲಕ್ಕೂ ಜನ ಬಾಗಿಲ ಮುಂದೆ ಬ್ಯಾಟ್ ನಿಲ್ಲಿಸಿದರು. ಸ್ಕೋರ್ ಪುಸ್ತಕದಲ್ಲಿ ಅವರ ಕೊನೆಯ ಇನ್ನಿಂಗ್ಸ್ ಅನ್ನು '63 ನಾಟ್ ಔಟ್' ಎಂದು ತಿದ್ದಿದರು.

ಹ್ಯೂಸ್ ವಿಷಯ ಬಂದಿದ್ದಕ್ಕೆ ನನ್ನದೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಆಗ ನಮ್ಮೂರಿನ ಹುಡುಗರಿಗೆಲ್ಲ ಫಾಸ್ಟ್ ಬೌಲಿಂಗ್ ಹುಚ್ಚು. 'ದಾವಣಗೆರೆ ಎಕ್ಸ್‌ಪ್ರೆಸ್' ವಿನಯ್ ಕುಮಾರ್ ಅದೇ ವರ್ಷದ ಆರಂಭದಲ್ಲಿ ಕರ್ನಾಟಕಕ್ಕೆ ರಣಜಿ ಟ್ರೋಫಿ ಗೆದ್ದುಕೊಟ್ಟಿದ್ದರು. ಹದಿನೈದು ವರ್ಷದ ಒಬ್ಬ ಹುಡುಗನನ್ನು ಅಪ್ಪ ಕರೆತಂದರು. ಹೈಸ್ಕೂಲ್ ಮೈದಾನದಲ್ಲಿ ಜೋರಾಗಿ ಬಾಲ್ ಹಾಕುತ್ತಿದ್ದವನು ಈಗ ನೆಟ್ಸ್‌ಗೇ ಹೋಗಲ್ಲ ಅಂತಾನೆ ಎಂದರು. ಹುಡುಗ ಕೇಳಿದ್ದು ಒಂದೇ ಪ್ರಶ್ನೆ. "ಬಾಲ್ ಹಾಕಿದೋನಿಗೆ ಈಗ ಹೆಂಗಾಗ್ತಿರ್ಬೇಕು ಸರ್?" ಹೊರಗೆ ಜನ ಕಾಯುತ್ತಿದ್ದರು. ನಾನು, "ಅದೆಲ್ಲ ಎಲ್ಲೋ ಆಸ್ಟ್ರೇಲಿಯಾದಲ್ಲಿ ಆಗಿದ್ದು, ನೀನು ಓದ್ಕೋ" ಎಂದು ಕಳಿಸಿದೆ. ಅವನು ಮತ್ತೆ ಬರಲಿಲ್ಲ. ಆಡುವುದನ್ನು ಬಿಟ್ಟ ಎಂದು ಆಮೇಲೆ ಯಾರೋ ಹೇಳಿದರು. ಅವನು ಅಷ್ಟು ಒಳ್ಳೆಯ ಪ್ರಶ್ನೆ ಕೇಳಿದ್ದ, ನಾನು ಬಾಗಿಲು ಮುಚ್ಚಿದ್ದೆ.

ಮೆಕ್ಕೆಜೋಳದ ವ್ಯಾಪಾರಿಯನ್ನು ಹಾಗೆ ಕಳಿಸಬಾರದು ಎಂದುಕೊಂಡೆ. ಆದರೆ ಮಾತಿಗೆ ಮೊದಲು ಅವರನ್ನು ಇಸಿಜಿಗೆ ಕಳಿಸಿದೆ. ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ತಮ್ಮದೇ ವಯಸ್ಸಿನ ಹೆಸರಾಂತ ವ್ಯಕ್ತಿ ಹೃದಯದ ತೊಂದರೆಯಿಂದ ಹೋದರೆ ಜನ ಕೈಯ ನಾಡಿ ಹಿಡಿದುಕೊಂಡು ಕೂರುತ್ತಾರೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ಹೃದ್ರೋಗ ಆಸ್ಪತ್ರೆಗಳ ಮುಂದೆ ಎಂಥ ಸಾಲು ಇತ್ತು ನೆನಪಿದೆಯಲ್ಲ. ಅದರಲ್ಲಿ ಬಹಳಷ್ಟು ಗಾಬರಿಯೇ ಇರಬಹುದು. ಆದರೆ ಎದೆ ಹಿಡಿತ, ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು ಇದ್ದರೆ ಅದು ಗಾಬರಿಯೋ ಹೃದಯವೋ ಎಂದು ಮುಖ ನೋಡಿ ಹೇಳಲು ನನಗೆ ಬರುವುದಿಲ್ಲ, ಯಾರಿಗೂ ಬರುವುದಿಲ್ಲ. ನಮ್ಮೂರಲ್ಲಿ ಎಲ್ಲದಕ್ಕೂ ಒಂದೇ ಹೆಸರು, ಗ್ಯಾಸ್ಟ್ರಿಕ್. ಬೆಣ್ಣೆ ದೋಸೆ ಜಾಸ್ತಿ ಆಯ್ತು, ಸೋಡಾ ಕುಡಿ ಎಂದು ಮಲಗಿಸುತ್ತಾರೆ. ವಾರ್ನ್‌ಗೂ, ಅವರು ತೀರಿಕೊಂಡ ಥಾಯ್ಲೆಂಡ್‌ಗೆ ಹೊರಡುವ ಮೊದಲೇ, ಎದೆನೋವು ಕಾಣಿಸಿಕೊಂಡಿತ್ತು ಎಂದು ಅಲ್ಲಿನ ಪೊಲೀಸರು ಹೇಳಿದ್ದರು. ಈಗ ನಮ್ಮ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲೂ ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿ ನೋಡಿ, ಬೇಕಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಮೊದಲು ಅಲ್ಲಿಗೆ ಹೋಗಿ. ಮನಸ್ಸಿನ ಡಾಕ್ಟರ್ ಕಾಯುತ್ತಾನೆ.

ಇಸಿಜಿ ಸರಿ ಇತ್ತು. ಮರುದಿನ ಅವರೊಬ್ಬರೇ ಬಂದರು. ಸಾವಾದ ಮನೆಯಲ್ಲಿ ಕೇಳುವ ಹಾಗೇ ಕೇಳಿದೆ, "ಹೆಂಗಾಯ್ತಂತೆ?" ಅವರು ಹೇಳುತ್ತಾ ಹೋದರು. ಅವತ್ತೇ ಬೆಳಿಗ್ಗೆ ಆಸ್ಟ್ರೇಲಿಯಾದ ಹಳೆಯ ವಿಕೆಟ್ ಕೀಪರ್ ರಾಡ್ ಮಾರ್ಷ್ ತೀರಿಕೊಂಡಿದ್ದು, ವಾರ್ನ್ ಟ್ವಿಟರ್‌ನಲ್ಲಿ ಅವರಿಗೆ ಸಂತಾಪ ಬರೆದಿದ್ದು, ಕೆಲವೇ ಗಂಟೆಗಳಲ್ಲಿ ತಾವೇ ಹೋಗಿದ್ದು. "ಮಾರ್ಷ್‌ಗೆ 74 ಸರ್. ಹಾರ್ಟ್ ಅಟ್ಯಾಕ್ ಆಗಿ ಒಂದು ವಾರ ಆಸ್ಪತ್ರೇಲಿದ್ರು. ಬೇಜಾರಾಯ್ತು, ಆದ್ರೆ ತಡ್ಕೊಂಡೆ. ಇದು ಹಂಗಲ್ಲ."

ಹೌದು, ಇದು ಹಾಗಲ್ಲ. ಕಾಯಿಲೆ ಬಿದ್ದವರ ಸಾವಿಗೆ ಮನಸ್ಸು ಗೊತ್ತಿಲ್ಲದೇ ತಾಲೀಮು ಮಾಡಿರುತ್ತದೆ. ಹಠಾತ್ ಸಾವಿಗೆ ತಾಲೀಮು ಇಲ್ಲ. ಕೊನೆಯದಾಗಿ ನೋಡಿದ ಚಿತ್ರದಲ್ಲಿ ಅವನು ನಗುತ್ತಿದ್ದಾನೆ, ಮನಸ್ಸು ಅದನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ. ಮಧ್ಯರಾತ್ರಿ ವಿಡಿಯೋ ನೋಡುವುದು ಆ ಹಟದ ಒಂದು ರೂಪ.

ನಿಮಗೆ ವಾರ್ನ್ ಯಾಕೆ, ಸಚಿನ್ ಯಾಕಲ್ಲ ಎಂದೆ. ಅವರು ಮೊದಲ ಸಲ ನಕ್ಕರು. "ಸಚಿನ್ ಶಾರ್ಜಾದಲ್ಲಿ ಅವ್ರಿಗೆ ಹೊಡ್ದಾಗ ನಾನೂ ಕುಣಿದಿದ್ದೆ. ಆದ್ರೆ ನಾನು ಲೆಗ್ ಸ್ಪಿನ್ನರ್ ಸರ್. ಕಾಲೇಜ್ ಟೀಮಲ್ಲಿದ್ದೆ. 92ರಲ್ಲಿ ಸಿಡ್ನೀಲಿ ಅವರ ಫಸ್ಟ್ ಟೆಸ್ಟ್. 150 ರನ್ ಹೊಡೆಸ್ಕೊಂಡ್ರು, ಸಿಕ್ಕಿದ್ದು ಒಂದೇ ವಿಕೆಟ್, ಶಾಸ್ತ್ರೀದು. ಅದೂ ಶಾಸ್ತ್ರಿ 206 ಹೊಡೆದಾದ್ಮೇಲೆ. ನಂಗೂ ಹಂಗೇ ಚಚ್ಚೋರು. ಅವ್ರು ಅಲ್ಲಿಂದ 708 ವಿಕೆಟ್‌ಗೆ ಹೋದ್ರು. ನಾನು ಅಂಗಡಿಗೆ ಬಂದೆ."

ಆಮೇಲೆ ಅವರ ಕೈ ನನ್ನ ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟ್‌ಗೆ ಹೋಯಿತು. ತೋರುಬೆರಳು, ನಡುಬೆರಳು ಮೇಲೆ. ಉಂಗುರಬೆರಳು ಮಡಚಿ ಪಕ್ಕಕ್ಕೆ ಒತ್ತಿತು. ತಿರುಗಿಸುವುದು ಆ ಬೆರಳೇ ಎಂದರು. ಮಣಿಕಟ್ಟು ಒಳಗೆ ಮಡಚಿ, ತಟ್ಟನೆ ಬಿಚ್ಚಿದರು, ಪೇಪರ್‌ವೇಟ್ ಕೈಯಿಂದ ಕೈಗೆ ಗಿರ್ ಎಂದು ತಿರುಗಿತು. 1993ರ ಜೂನ್‌ನಲ್ಲಿ ವಾರ್ನ್ ಇಂಗ್ಲೆಂಡಿನ ಬ್ಯಾಟರ್ ಮೈಕ್ ಗ್ಯಾಟಿಂಗ್‌ಗೆ ಹಾಕಿದ ಬಾಲ್ ಲೆಗ್ ಕಡೆಗೆ ತೇಲಿ, ಲೆಗ್ ಸ್ಟಂಪಿನ ಹೊರಗೆ ಬಿದ್ದು, ಆಫ್ ಸ್ಟಂಪಿನ ತಲೆ ಹಾರಿಸಿದ್ದನ್ನು ಮೇಜಿನ ಮೇಲೆ ಪೆನ್ನು ಸ್ಟಾಂಪ್ ಪ್ಯಾಡ್ ಇಟ್ಟು ತೋರಿಸಿದರು. ಮಧ್ಯದಲ್ಲಿ ಕಣ್ಣು ಒರೆಸಿಕೊಂಡರು, ಮಾತು ನಿಲ್ಲಿಸಲಿಲ್ಲ. ಹೊರಗೆ ಜನ ಕಾಯುತ್ತಿದ್ದರು. ಕಾಯಲಿ ಎಂದು ಬಿಟ್ಟೆ.

ಮಾತ್ರೆ ಬರೆಯಲಿಲ್ಲ. ರಾತ್ರಿ ಹತ್ತರ ಮೇಲೆ ವಿಡಿಯೋ ಬೇಡ, ಬೇಕಿದ್ದರೆ ಹಗಲು ನೋಡಿ, ಒಬ್ಬರೇ ನೋಡಬೇಡಿ ಎಂದೆ. ಅವರ ಹೆಸರಲ್ಲಿ ಒಂದು ಪೆಗ್ ಎಂದು ಗೆಳೆಯರು ಕರೆದರೆ ಹೋಗಬೇಡಿ, ಕುಡಿತ ಈ ದುಃಖವನ್ನು ನಿದ್ದೆ ಮಾಡಿಸುವುದಿಲ್ಲ, ಹಾಳು ನಿದ್ದೆಯನ್ನು ಇನ್ನಷ್ಟು ಹಾಳು ಮಾಡುತ್ತದೆ. ಹನ್ನೊಂದನೇ ದಿನಕ್ಕೆ ಏನಾದರೂ ಮಾಡಿ ಎಂದೂ ಹೇಳಿದೆ. ಪುನೀತ್ ಕಣ್ಣು ದಾನವಾದ ಮೇಲೆ ಎಷ್ಟೊಂದು ಜನ ನೇತ್ರದಾನಕ್ಕೆ ಹೆಸರು ಬರೆಸಿದರಲ್ಲ, ಅದು ದುಃಖಕ್ಕೆ ಕೈಕಾಲು ಬಂದ ಹಾಗೆ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಒಂದು ಮಾತು. "ಮಲಗಿದ್ದಾರೆ" ಎಂದು ಹೇಳಬೇಡಿ. ಹಾಗೆ ಹೇಳಿಸಿಕೊಂಡ ಮಗು ರಾತ್ರಿ ಮಲಗಲು ಹೆದರಿದ್ದನ್ನು ನೋಡಿದ್ದೇನೆ. ಸತ್ತುಹೋದರು ಎಂದೇ ಹೇಳಿ. ಇನ್ನು ವಾರಗಳು ಕಳೆದರೂ ಕೆಲಸಕ್ಕೆ ಹೋಗಲಾಗದಿದ್ದರೆ, ನನಗೂ ಬದುಕು ಬೇಡ ಎನ್ನುವ ಮಾತು ಬಂದರೆ, ಅದನ್ನು ಅಭಿಮಾನ ಎಂದು ಸುಮ್ನೆ ಬಿಡಬೇಡಿ. ಅಂಥ ಮಾತು ಬಂದ ದಿನವೇ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಹನ್ನೊಂದನೇ ದಿನ ಇವರು ಕಾಲೇಜ್ ಟೀಮಿನ ನಾಲ್ವರಿಗೆ ಫೋನ್ ಮಾಡಿದರಂತೆ. ಇಬ್ಬರು ಬಂದರು. ಮಂಡಕ್ಕಿ ಮೆಣಸಿನಕಾಯಿ ತಿಂದು, ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಆಡುತ್ತಿದ್ದ ಹುಡುಗರ ಹತ್ತಿರ ಬಾಲ್ ಇಸಿದುಕೊಂಡು ಆರು ಬಾಲ್ ಹಾಕಿದರು. ಒಂದು ತಿರುಗಿತು. ಐದು ಬೌಂಡರಿಗೆ ಹೋದವು.

ಏಪ್ರಿಲ್‌ನಲ್ಲಿ ಹೆಂಡತಿ ತಮ್ಮ ಬಿಪಿ ತೋರಿಸಲು ಕೆಳಗಿನ ಕ್ಲಿನಿಕ್‌ಗೆ ಬಂದವರು ಮೇಲೆ ಹತ್ತಿ ಬಂದರು. ನಿದ್ದೆ ಹೇಗಿದೆ ಎಂದು ಕೇಳಿದೆ. "ನಿದ್ದೆ ಪರವಾಗಿಲ್ಲ. ಆದ್ರೆ ಮನೇಲಿ ಒಂದು ನಿಂಬೆಹಣ್ಣು ಉಳೀತಿಲ್ಲ ಡಾಕ್ಟ್ರೇ. ಟಿವಿ ನೋಡ್ತಾ ಕೈಯಲ್ಲಿ ತಿರುಗಿಸಿ ತಿರುಗಿಸಿ ಗೋಡೆಗೆ ಹಾಕ್ತಾರೆ. ಎಲ್ಲ ಮೆತ್ತಗಾಗಿ ಕೂತಿವೆ."