ಅಧಿಕಾರಿ ಕೊಠಡಿಯಿಂದ ಹೊರನಡೆದ ಮೇಲೆ

ಸಾರ್ವಜನಿಕ ಸಂಸ್ಥೆಗಳಲ್ಲಿ ಕೆಲಸ ಸಾಗಬೇಕಾದರೆ ಖಡಕ್ ಅಧಿಕಾರಿಯೇ ಬರಬೇಕು ಎಂಬ ನಂಬಿಕೆ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದನ್ನು ಒರೆಗೆ ಹಚ್ಚುವ ಗೋಜಿಗೆ ಹೆಚ್ಚಿನವರು ಹೋಗುವುದೇ ಇಲ್ಲ. ಆದರೆ ಆ ಪರೀಕ್ಷೆ 1930ರ ದಶಕದಲ್ಲೇ ನಡೆದಿದೆ.

ಅದನ್ನು ನಡೆಸಿದವರಲ್ಲಿ ಪ್ರಮುಖರಾದ ಕರ್ಟ್ ಲೆವಿನ್, ನಾಜಿಗಳು ಅಧಿಕಾರಕ್ಕೇರಿದ 1933ರಲ್ಲಿ ಜರ್ಮನಿಯನ್ನು ತೊರೆದ ಯಹೂದಿ ಮನೋವಿಜ್ಞಾನಿ. ಸರ್ವಾಧಿಕಾರವು ಮನುಷ್ಯರನ್ನು ಏನು ಮಾಡುತ್ತದೆ ಎಂಬುದು ಅವರಿಗೆ ಕೇವಲ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಅಮೆರಿಕದ ಐಯೋವಾದಲ್ಲಿ ರೊನಾಲ್ಡ್ ಲಿಪಿಟ್ ಮತ್ತು ರಾಲ್ಫ್ ವೈಟ್ ಅವರೊಡನೆ, ಹತ್ತು ವರ್ಷದ ಆಸುಪಾಸಿನ ಹುಡುಗರ ಪುಟ್ಟ ಗುಂಪುಗಳಿಗೆ ಅವರು ಮೂರು ಬಗೆಯ ನಾಯಕರನ್ನು ಕೊಟ್ಟರು: ಎಲ್ಲವನ್ನೂ ತಾನೇ ಆಜ್ಞಾಪಿಸುವವನು, ಗುಂಪಿನೊಡನೆ ಚರ್ಚಿಸಿ ನಿರ್ಧರಿಸುವವನು, ಎಲ್ಲವನ್ನೂ ಗುಂಪಿಗೇ ಬಿಟ್ಟು ಕೈಕಟ್ಟಿ ಕೂರುವವನು. ಮೂರನೆಯವನ ಗುಂಪಿನ ಕೆಲಸ ಕಳಪೆಯಾಗಿತ್ತು, ಅದರಲ್ಲಿ ಆಶ್ಚರ್ಯವಿಲ್ಲ. ಪ್ರಯೋಗದ ನಿಜವಾದ ಸೊಗಸಿರುವುದು ನಾಯಕನನ್ನು ಬೇಕೆಂದೇ ಆಗಾಗ ಕೊಠಡಿಯಿಂದ ಹೊರಗೆ ಕಳುಹಿಸಿದುದರಲ್ಲಿ. ಆಜ್ಞೆಗೆ ತಲೆಬಾಗಿದ ಗುಂಪುಗಳು ನಾಯಕನೆದುರು ಶೇ. 74ರಷ್ಟು ಸಮಯ ಕೆಲಸದಲ್ಲಿ ಮಗ್ನವಾಗಿದ್ದವು. ಅವನು ಹೊರಗೆ ಹೋದೊಡನೆ ಅದು ಶೇ. 29ಕ್ಕೆ ಕುಸಿಯಿತು. ಚರ್ಚಿಸುವ ನಾಯಕನ ಗುಂಪುಗಳಲ್ಲಿ ಶೇ. 50 ಇದ್ದದ್ದು ಶೇ. 46ಕ್ಕೆ ಇಳಿಯಿತು, ಅಷ್ಟೆ.

ಒತ್ತಿ ಹಿಡಿದ ಸ್ಪ್ರಿಂಗ್ ಕೈ ತೆಗೆದೊಡನೆ ಪುಟಿದೇಳುತ್ತದೆ. ತಳ್ಳುತ್ತಿರುವ ಬಂಡಿ ತಳ್ಳುವವನು ನಿಂತಲ್ಲೇ ನಿಲ್ಲುತ್ತದೆ. ಭಯದಿಂದ ಹುಟ್ಟಿದ ಕೆಲಸಕ್ಕೆ ಭಯಪಡಿಸುವವನ ಕಣ್ಣೇ ಇಂಧನ. ನಿರ್ಧಾರದಲ್ಲಿ ಪಾಲು ಪಡೆದವನಿಗಾದರೋ ಕೆಲಸದ ಕಾರಣ ಗೊತ್ತಿರುತ್ತದೆ, ಮತ್ತು ಕಾರಣವು ಅಧಿಕಾರಿಯ ಜೊತೆ ಕೊಠಡಿಯಿಂದ ಎದ್ದುಹೋಗುವುದಿಲ್ಲ. ಅಧಿಕಾರಿಗಳು ಪದೇ ಪದೇ ವರ್ಗವಾಗುವ ಸಂಸ್ಥೆಗಳಿಗೆ ಇದಕ್ಕಿಂತ ಮುಖ್ಯವಾದ ವಿಷಯ ಬೇರೆ ಯಾವುದಿದೆ?

ಹುಡುಗರ ಗುಂಪು ಕಚೇರಿಯಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಅರ್ಥಶಾಸ್ತ್ರಜ್ಞರಾದ ಇಮ್ರಾನ್ ರಸೂಲ್ ಮತ್ತು ಡೇನಿಯಲ್ ರೋಜರ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ನೈಜೀರಿಯಾ ಸರ್ಕಾರದ ಸುಮಾರು 4,700 ಕಾಮಗಾರಿಗಳನ್ನು ಪರಿಶೀಲಿಸಿತು. ನೌಕರರಿಗೆ ವಿವೇಚನೆಯ ಸ್ವಾತಂತ್ರ್ಯ ಹೆಚ್ಚಿದ್ದ ಕಡೆ ಕಾಮಗಾರಿಗಳು ಪೂರ್ಣಗೊಳ್ಳುವ ಪ್ರಮಾಣ ಹೆಚ್ಚಿತ್ತು. ನಿಗಾ ಮತ್ತು ಪ್ರೋತ್ಸಾಹಧನದ ಕ್ರಮಗಳು ಬಿಗಿಯಾಗಿದ್ದ ಕಡೆ ಕಡಿಮೆಯಿತ್ತು.

ನೌಕರರು ಸಂಸ್ಥೆಗೆ ತೋರುವ ನಿಷ್ಠೆ ಎಂಬ ಒಂದೇ ಪದದೊಳಗೆ ಮನೋವಿಜ್ಞಾನಿಗಳಾದ ಜಾನ್ ಮೇಯರ್ ಮತ್ತು ನಟಾಲಿ ಆಲೆನ್ 1991ರಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ಗುರುತಿಸಿದರು: ಮನಸ್ಸಿನ ನಂಟು, ಉಳಿಯುವುದು ಕರ್ತವ್ಯವೆಂಬ ಭಾವ, ಬಿಟ್ಟರೆ ನಷ್ಟವೆಂಬ ಲೆಕ್ಕಾಚಾರ. ಭದ್ರವಾದ ನೌಕರಿ ಮತ್ತು ಪಿಂಚಣಿ ಈ ಮೂರನೆಯದನ್ನು ಯಾವ ನಾಯಕನ ನೆರವೂ ಇಲ್ಲದೆ ಬೆಳೆಸುತ್ತವೆ. ಆದ್ದರಿಂದಲೇ ಹಾಜರಿ ಪುಸ್ತಕ ತುಂಬಿದ್ದೂ ಕಡತಗಳು ಅಲುಗಾಡದಿರುವುದು ಸಾಧ್ಯ. ಸಂಬಳ ಏರಿಸುವ ಅಧಿಕಾರವಿಲ್ಲದ ಮೇಲಧಿಕಾರಿಯ ಕೈಯಲ್ಲಿ ಹೆಚ್ಚಾಗಿ ಉಳಿಯುವುದು ಮೊದಲನೆಯದು, ಮನಸ್ಸಿನ ನಂಟು.

ಅದಕ್ಕೆ ದೊಡ್ಡ ಭಾಷಣವೂ ಬೇಕಿಲ್ಲ. ಒಂದು ವಿಶ್ವವಿದ್ಯಾಲಯಕ್ಕಾಗಿ ಫೋನಿನಲ್ಲಿ ದೇಣಿಗೆ ಕೇಳುತ್ತಿದ್ದ ಸಿಬ್ಬಂದಿಗೆ, ಆ ಹಣದಿಂದ ವಿದ್ಯಾರ್ಥಿವೇತನ ಪಡೆದವರೊಬ್ಬರನ್ನು ಕೆಲವೇ ನಿಮಿಷ ಭೇಟಿ ಮಾಡಿಸಲಾಯಿತು. ಮನೋವಿಜ್ಞಾನಿ ಆಡಮ್ ಗ್ರಾಂಟ್ ಮತ್ತು ಸಂಗಡಿಗರು 2007ರಲ್ಲಿ ವರದಿ ಮಾಡಿದಂತೆ, ಒಂದು ತಿಂಗಳ ನಂತರ ಅವರು ವಾರಕ್ಕೆ ಕರೆಗಳಲ್ಲಿ ಕಳೆಯುತ್ತಿದ್ದ ಸಮಯ ಎರಡು ಪಟ್ಟನ್ನೂ, ಸಂಗ್ರಹಿಸಿದ ಹಣ ಎರಡೂವರೆ ಪಟ್ಟನ್ನೂ ಮೀರಿತ್ತು. ಅವರ ಸಂಬಳ ಬದಲಾಗಿರಲಿಲ್ಲ. ತಮ್ಮ ಕೆಲಸ ಯಾರನ್ನು ತಲುಪುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು.