ಫಿಟ್ಸ್ ನಿಂತ ಮೇಲೂ ಜೀವ ಹೋಗುವುದು ಹೇಗೆ?

ಪ್ರಶ್ನೆ: ನನ್ನ ತಮ್ಮನಿಗೆ ಮೂರ್ಛೆರೋಗವಿದೆ. ಈ ರೋಗವಿದ್ದವರು ಕೆಲವೊಮ್ಮೆ ರಾತ್ರಿ ಮಲಗಿದವರು ಬೆಳಿಗ್ಗೆ ಏಳುವುದೇ ಇಲ್ಲವಂತೆ. ನಿಜವೇ? ಅದು ಹೃದಯಾಘಾತವೇ?

ಉತ್ತರ: ನಿಜ, ಆದರೆ ಅಪರೂಪ. ವೈದ್ಯರು ಇದನ್ನು ‘ಸುಡೆಪ್’ (ಮೂರ್ಛೆರೋಗದಲ್ಲಿ ಅನಿರೀಕ್ಷಿತವಾಗಿ ಬರುವ ಹಠಾತ್ ಸಾವು) ಎನ್ನುತ್ತಾರೆ. ಮೂರ್ಛೆರೋಗವಿರುವ 1,000 ವಯಸ್ಕರಲ್ಲಿ ವರ್ಷಕ್ಕೆ ಸುಮಾರು ಒಬ್ಬರು ಹೀಗೆ ಸಾಯುತ್ತಾರೆ. ಶವಪರೀಕ್ಷೆಯಲ್ಲೂ ಕಾರಣ ಸಿಗುವುದಿಲ್ಲ.

ಹೃದಯಾಘಾತವಂತೂ ಅಲ್ಲ. ಆಸ್ಪತ್ರೆಯಲ್ಲಿ ತಲೆಗೆ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಪರೀಕ್ಷೆ) ತಂತಿ ಅಂಟಿಸಿಕೊಂಡು ಮಲಗಿದ್ದಾಗಲೇ ಕೆಲವರು ಹೀಗೆ ತೀರಿಕೊಂಡಿದ್ದಾರೆ. ಆ ದಾಖಲೆಗಳನ್ನೆಲ್ಲ ಕಲೆಹಾಕಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಮೈಯೆಲ್ಲ ಸೆಟೆದು ಅದುರುವ ದೊಡ್ಡ ಫಿಟ್ಸ್ ಬಂದು ನಿಂತಿದೆ. ಉಸಿರು ಸ್ವಲ್ಪ ಹೊತ್ತು ಜೋರಾಗಿ ಆಡಿದೆ. ಆಮೇಲೆ ಕೆಲವೇ ನಿಮಿಷಗಳಲ್ಲಿ ಮೊದಲು ಉಸಿರು, ಅದರ ಹಿಂದೆಯೇ ಹೃದಯ ನಿಂತಿದೆ.

ಮಿದುಳಿನ ರಸಾಯನದ ಆಟ ಇರುವುದು ಇಲ್ಲೇ. ನಿದ್ದೆಯಲ್ಲಿ ದಿಂಬಿಗೆ ಮೂಗು ಒತ್ತಿದರೆ ನಾವು ತಾನಾಗಿಯೇ ಮಗ್ಗುಲಾಗುತ್ತೇವಲ್ಲ? ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದನ್ನು ಗ್ರಹಿಸಿ, ‘ಏಳು, ಉಸಿರಾಡು’ ಎಂದು ಎಚ್ಚರಿಸುವುದರಲ್ಲಿ ಮಿದುಳುಕಾಂಡದ (ಮಿದುಳಿನ ಬುಡದ) ಸಿರೊಟೋನಿನ್ ನರಕೋಶಗಳದು, ಅಂದರೆ ಸಿರೊಟೋನಿನ್ ಎಂಬ ರಾಸಾಯನಿಕದ ಮೂಲಕ ಸಂದೇಶ ಕಳಿಸುವ ಕೋಶಗಳದು, ದೊಡ್ಡ ಪಾತ್ರ. ದೊಡ್ಡ ಫಿಟ್ಸ್ ಆದ ಮೇಲೆ ಈ ಕಾವಲುಗಾರರೇ ಮಂಕಾಗುತ್ತಾರೆ ಎಂಬುದು ಸಂಶೋಧಕರ ಬಲವಾದ ಅನುಮಾನ. ಬೋರಲು ಮಲಗಿದ್ದರಂತೂ ಕಷ್ಟ.

ಇನ್ನೊಂದು ವಸ್ತು ಅಡಿನೊಸಿನ್. ಫಿಟ್ಸ್ ಹೊತ್ತಿಗೆ ಮಿದುಳು ಇದನ್ನು ಧಾರಾಳವಾಗಿ ಸುರಿಸುತ್ತದೆ. ಫಿಟ್ಸ್ ನಿಲ್ಲಲು ಇದೇ ನೆರವಾಗುತ್ತದೆ. ಆದರೆ ಉಸಿರಾಟವನ್ನೂ ತಗ್ಗಿಸುವ ಗುಣ ಇದಕ್ಕಿದೆ. ಬೆಂಕಿ ಆರಿಸಲು ಬಂದ ನೀರೇ ಮನೆ ಮುಳುಗಿಸಿದ ಹಾಗೆ! ಫಿಟ್ಸ್ ನಂತರ ಉಸಿರು ನಿಂತು ಸಾಯುವ ಒಂದು ತಳಿಯ ಇಲಿಗಳಲ್ಲಿ, ಸಿರೊಟೋನಿನ್ ಹೆಚ್ಚಿಸುವ ಫ್ಲೂಆಕ್ಸೆಟಿನ್ ಎಂಬ ಖಿನ್ನತೆಯ ಔಷಧ ಕೊಟ್ಟಾಗ ಸಾವು ಕಡಿಮೆಯಾಗಿದೆ. ಮನುಷ್ಯರಲ್ಲಿ ಇದು ಸಾಬೀತಾಗಿಲ್ಲ, ಹಾಗಾಗಿ ಆ ಮಾತ್ರೆಯನ್ನು ನೀವೇ ಶುರುಮಾಡಬೇಡಿ.

ನಿಮ್ಮ ತಮ್ಮನ ವಿಷಯದಲ್ಲಿ ನಾನು ಮೊದಲು ಕೇಳುವುದು: ದೊಡ್ಡ ಫಿಟ್ಸ್ ವರ್ಷಕ್ಕೆ ಎಷ್ಟು ಸಲ ಬರುತ್ತದೆ? ಮೂರು ಅಥವಾ ಹೆಚ್ಚಾದರೆ, ಅದರಲ್ಲೂ ನಿದ್ದೆಯಲ್ಲಿ ಬರುತ್ತಿದ್ದರೆ, ಅಪಾಯ ಜಾಸ್ತಿ. ಔಷಧ ಬದಲಿಸಬೇಕೇ ಎಂದು ನರರೋಗ ತಜ್ಞರನ್ನು ಕೇಳಿ. ಒಂದು ಹೊತ್ತಿನ ಮಾತ್ರೆಯೂ ತಪ್ಪದಿರಲಿ. ರಾತ್ರಿ ಅದೇ ಕೋಣೆಯಲ್ಲಿ ಯಾರಾದರೂ ಮಲಗಲಿ. ಫಿಟ್ಸ್ ನಿಂತ ಕೂಡಲೇ ಅವರು ತಮ್ಮನನ್ನು ಮಗ್ಗುಲಿಗೆ ತಿರುಗಿಸಿ, ಪೂರ್ತಿ ಎಚ್ಚರವಾಗುವವರೆಗೆ ಉಸಿರನ್ನು ಗಮನಿಸುತ್ತಿರಲಿ.