ಅಂಚಿನಿಂದ ನೋಡಿದರೆ ಕಾಣುವ ನೀರಾವಿ

ಶ್ರೀಹರಿಕೋಟಾದಿಂದ ರಾಕೆಟ್ ಹಾರಿದ ಮರುದಿನ ಉಡುಪಿಯ ನನ್ನ ತರಗತಿಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಮೇಡಂ, ಆ ಹೊಗೆಯೆಲ್ಲ ಎಲ್ಲಿಗೆ ಹೋಗ್ತದೆ?’

ಎಲ್ಲವೂ ಹೊಗೆಯಲ್ಲ. ದ್ರವ ಜಲಜನಕವನ್ನು ದ್ರವ ಆಮ್ಲಜನಕದಲ್ಲಿ ಉರಿಸುವ ಕ್ರಯೋಜೆನಿಕ್ ಎಂಜಿನ್ ಉಗುಳುವುದು ಬಹುಪಾಲು ನೀರಾವಿ. ನಮ್ಮ ಇಸ್ರೋದ ಎಲ್‌ವಿಎಂ-3 ರಾಕೆಟ್ಟಿನ ಮೇಲಿನ ಹಂತವೂ ಇದೇ ಜಾತಿಯದು. ಅಮೆರಿಕದ ಸ್ಪೇಸ್ ಶಟಲ್ ಪ್ರತಿ ಸಲವೂ ಸುಮಾರು 300 ಟನ್ ನೀರಾವಿಯನ್ನು 110 ಕಿ.ಮೀ. ಆಸುಪಾಸಿನ ಎತ್ತರದಲ್ಲಿ ಬಿಟ್ಟು ಹೋಗುತ್ತಿತ್ತು. ಬೇಸಿಗೆಯಲ್ಲಿ ನಮ್ಮ ಓಣಿಗೆ ಬರುವ 12 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 25 ಟ್ಯಾಂಕರ್. ಕೆಳಗೆ ಅದು ಏನೂ ಅಲ್ಲ. ಆದರೆ 80 ಕಿ.ಮೀ. ಮೇಲೆ ಹತ್ತು ಲಕ್ಷ ಅಣುಗಳಲ್ಲಿ ನೀರಿನದ್ದು ಬೆರಳೆಣಿಕೆಯಷ್ಟು.

ಅದನ್ನು ಉಪಗ್ರಹ ನೇರ ಕೆಳಗೆ ನೋಡಿ ಹಿಡಿಯಲಾರದು. ಅಡಿಯಲ್ಲಿ ಆಟಿ ತಿಂಗಳ ಕರಾವಳಿಯಂಥ ಒದ್ದೆ ಗಾಳಿ, ಮೋಡ ತುಂಬಿರುತ್ತದೆ. ಸಂಜೆ ಕಾಪು ದೀಪಸ್ತಂಭ ಹತ್ತಿ ನೋಡಿ. ಬುಡದ ಕಪ್ಪು ನೀರಿನ ಮೇಲೆ ಬೋಟಿನ ಹೊಗೆ ಕಣ್ಣಿಗೆ ಬೀಳುವುದಿಲ್ಲ. ಅದೇ ಬೋಟು ದಿಗಂತ ಮುಟ್ಟಿದಾಗ ಆಕಾಶದೆದುರು ತೆಳು ಹೊಗೆಯೂ ಗೆರೆ ಎಳೆದ ಹಾಗೆ ಎದ್ದು ಕಾಣುತ್ತದೆ. ಉಪಗ್ರಹವೂ ಭೂಮಿಯ ಅಂಚನ್ನೇ ನೋಡುತ್ತದೆ. ಹಿಂದೆ ತಣ್ಣನೆಯ ಕಪ್ಪು ಬಾಹ್ಯಾಕಾಶ, ನಡುವೆ ನೂರಾರು ಕಿ.ಮೀ. ಉದ್ದದ ತೆಳುಗಾಳಿ. ಕ್ಷೀಣ ಸಂಕೇತ ಆ ದಾರಿಯುದ್ದಕ್ಕೂ ಕೂಡಿಕೊಳ್ಳುತ್ತ ಬರುತ್ತದೆ. ನಾಸಾದ ಟೈಮ್ಡ್ ಉಪಗ್ರಹದ ಸೇಬರ್ ಉಪಕರಣ ನೀರಾವಿಯ ಅವಕೆಂಪು ಹೊಳಪನ್ನು, ಆರಾ ಉಪಗ್ರಹದ ಎಂಎಲ್‌ಎಸ್ ಉಪಕರಣ ಅದರ 183 ಗಿಗಾಹರ್ಟ್ಸ್ ಸುತ್ತಿನ ಮೈಕ್ರೋತರಂಗವನ್ನು ಹೀಗೇ ಓದಿವೆ.

ಇನ್ನೂ ಮೇಲೆ ದಾರಿ ಬೇರೆ. ಸೂರ್ಯನ ನೇರಳಾತೀತ ಕಿರಣ ನೀರನ್ನು ಒಡೆಯುತ್ತದೆ. ಬಿಡುಗಡೆಯಾದ ಜಲಜನಕ 121.6 ನ್ಯಾನೋಮೀಟರ್ ತರಂಗಾಂತರದಲ್ಲಿ ಮಿನುಗುತ್ತದೆ. 2003ರ ಜನವರಿ 16ರಂದು ಕೊಲಂಬಿಯಾ ಶಟಲ್ ಹಾರಿದ ಮೇಲೆ ಟೈಮ್ಡ್‌ನ ಇನ್ನೊಂದು ಉಪಕರಣ, ಗುವಿ, ಈ ಮಿನುಗನ್ನೇ ಹಿಂಬಾಲಿಸಿತು. ಫ್ಲೋರಿಡಾದ ಆವಿ ಕೆಲವೇ ದಿನಗಳಲ್ಲಿ ಅಂಟಾರ್ಕ್ಟಿಕಾದತ್ತ ಸರಿದಿತ್ತು. ಅದು ಕಲ್ಪನಾ ಚಾವ್ಲಾ ಅವರ ಕೊನೆಯ ಯಾನ. ಇದನ್ನು ಹೇಳಿದಾಗೆಲ್ಲ ತರಗತಿ ಒಂದು ಕ್ಷಣ ಸ್ತಬ್ಧವಾಗುತ್ತದೆ, ನಾನೂ.

ಧ್ರುವದ ಬೇಸಿಗೆಯಲ್ಲಿ 83 ಕಿ.ಮೀ. ಎತ್ತರ ಸೊನ್ನೆಗಿಂತ 120 ಡಿಗ್ರಿಗೂ ಕೆಳಗೆ ತಣ್ಣಗಾಗಿರುತ್ತದೆ. ಅಲ್ಲಿಗಿಳಿದ ಆವಿ ಹಿಮಕಣವಾಗಿ, ಸೂರ್ಯ ಮುಳುಗಿದ ಮೇಲೂ ಬೆಳಗುವ ನಿಶಾಮೇಘವಾಗುತ್ತದೆ. ಮಲ್ಪೆಯಿಂದ ಅವು ಕಾಣವು. ಈ ಮೋಡಗಳ ಏರಿಳಿತದಲ್ಲಿ ಹವಾಮಾನ ಬದಲಾವಣೆಯ ಗುರುತನ್ನು ಹುಡುಕುತ್ತಾರೆ, ಏಕೆಂದರೆ ಮೀಥೇನ್ ಮೇಲೇರಿ ಒಡೆದಾಗಲೂ ನೀರಾವಿ ಹುಟ್ಟುತ್ತದೆ. ರಾಕೆಟ್‌ನ ಪಾಲನ್ನು ಕಳೆಯದೆ ಆ ಲೆಕ್ಕ ಸರಿಹೋಗದು. ಅದಕ್ಕೇ ನನ್ನ ವಿದ್ಯಾರ್ಥಿಗಳು ದತ್ತಾಂಶದ ಕಡತ ತೆರೆಯುವ ಮೊದಲು ಒಂದು ಹಾಳೆಯಲ್ಲಿ ಆ ತಿಂಗಳ ಉಡಾವಣೆಗಳ ದಿನಾಂಕ ಬರೆದಿಟ್ಟುಕೊಳ್ಳುತ್ತಾರೆ.